ಮರೀನಾ ಸಿಟಿಯ ಜೋಡಿ ಗೋಪುರಗಳು: ಕಟ್ಟೋಣವೂ ವೆಚ್ಚವೂ

ಅಮೆರಿಕದ ಚಿಕಾಗೊ ನಗರದ ನಡುವೆ ಹರಿಯುವ ನದಿಯ ಉತ್ತರ ದಡದಲ್ಲಿ, ಸ್ಟೇಟ್ ಬೀದಿಗೂ ಡಿಯರ್‌ಬಾರ್ನ್ ಬೀದಿಗೂ ಮಧ್ಯೆ, ಸುಮಾರು ಮೂರು ಎಕರೆ ನೆಲದ ಮೇಲೆ ನಿಂತಿರುವ ಮರೀನಾ ಸಿಟಿಯ ಎರಡು ದುಂಡು ಗೋಪುರಗಳನ್ನು ಚಿತ್ರದಲ್ಲಾದರೂ ಕಂಡಿರದವರು ವಿರಳ. ಒಂದೊಂದರ ಎತ್ತರ ೫೮೭ ಅಡಿ. ಮೈತುಂಬ ಅರ್ಧಚಂದ್ರಾಕಾರದ ಮೊಗಸಾಲೆಗಳು ಸಾಲುಸಾಲಾಗಿ ಹೊರಚಾಚಿಕೊಂಡಿರುವುದರಿಂದ ಆ ಊರಿನ ಜನ ಇವಕ್ಕೆ ಮುಸುಕಿನ ಜೋಳದ ತೆನೆಗಳೆಂದು ಅಡ್ಡಹೆಸರಿಟ್ಟಿದ್ದಾರೆ. ೧೯೬೦ರಲ್ಲಿ ಅಡಿಪಾಯದ ಕೆಲಸ ಮೊದಲಾಗಿ ೧೯೬೨ರಲ್ಲಿ ಮೊದಲ ಒಕ್ಕಲುಗಳು ಬಂದು ಸೇರಿದರು. ಕಟ್ಟಿ ಮುಗಿದ ಕಾಲಕ್ಕೆ ಜನವಸತಿಗೆಂದು ಎತ್ತಿದ ಕಟ್ಟಡಗಳಲ್ಲಿ ಇವಕ್ಕಿಂತ ಎತ್ತರವಾದುದು ಲೋಕದಲ್ಲಿ ಇರಲಿಲ್ಲ. ೧೯೬೮ರಲ್ಲಿ ಅದೇ ಊರಿನ ಲೇಕ್ ಪಾಯಿಂಟ್ ಟವರ್ ಆ ಹಿರಿಮೆಯನ್ನು ಕಸಿದುಕೊಂಡಿತು. ಹಾಗೆ ಆರೇಳು ವರ್ಷಗಳಲ್ಲಿ ಕಸಿದುಕೊಳ್ಳಬಹುದಾದ ಹಿರಿಮೆಯಿಂದ ವಿಮರ್ಶೆಗೆ ಆಗತಕ್ಕ ಪ್ರಯೋಜನ ಅಲ್ಪ.

ಈ ಕಟ್ಟಡವನ್ನು ಹೊಗಳತಕ್ಕವರು ಸಾಮಾನ್ಯವಾಗಿ ಇದನ್ನು ಶಿಲ್ಪಿಯೊಬ್ಬನ ಸ್ವಚ್ಛಂದ ಕಲ್ಪನೆಯ ಫಲವೆಂದು ಎಣಿಸುತ್ತಾರೆ. ತೆಗಳತಕ್ಕವರು ಇದನ್ನೇ ಶಿಲ್ಪಿಯ ಚಾಪಲ್ಯವೆನ್ನುತ್ತಾರೆ. ಇಬ್ಬರ ಮಾತೂ ಒಂದೇ ತಪ್ಪಿನಿಂದ ಹುಟ್ಟಿದ್ದು. ಆಕಾರ ಮೊದಲು ಹೊಳೆದು, ಲೆಕ್ಕ ಆಮೇಲೆ ಅದರ ಹಿಂದೆ ಏದುತ್ತ ಓಡಿಬಂದಿತೆಂದು ಇಬ್ಬರೂ ನಂಬಿದ್ದಾರೆ. ಕಟ್ಟೋಣದ ಕ್ರಮವನ್ನೂ ಹಣ ಬಂದ ದಾರಿಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸಂಗತಿ ಬೇರೆಯಾಗಿ ತೋರುತ್ತದೆ. ಈ ಗೋಪುರಗಳ ದುಂಡುತನ ಬಹುಮಟ್ಟಿಗೆ ಖರ್ಚಿನ ಲೆಕ್ಕದಿಂದಲೇ ಮೂಡಿದ್ದು. ಅವುಗಳ ದೋಷಗಳೂ ಅದೇ ಲೆಕ್ಕದಲ್ಲಿ ಬಿಟ್ಟುಹೋದ ಬಾಬುಗಳಿಂದ ಬಂದವು.

ಮೊದಲು ಹಣದ ವಿಷಯ. ಇಂಥ ಕಟ್ಟಡವನ್ನು ಕಟ್ಟಿಸಿದವರು ದೊಡ್ಡ ಬಂಡವಳಿಗರಿರಬೇಕೆಂದು ಯಾರಾದರೂ ಊಹಿಸಿಯಾರು. ಆದರೆ ಇದರ ಬೆನ್ನಿಗೆ ನಿಂತದ್ದು ಕಟ್ಟಡಗಳನ್ನು ಗುಡಿಸುವ, ಕಾಯುವ, ಒಲೆಕೊಠಡಿಗಳನ್ನು ನೋಡಿಕೊಳ್ಳುವ ಆಳುಗಳ ಕಾರ್ಮಿಕ ಸಂಘ. ಅದರ ಮುಖಂಡ ವಿಲಿಯಂ ಮ್ಯಾಕ್‌ಫೆಟ್ರಿಜ್. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ದೊಡ್ಡ ಪಟ್ಟಣಗಳಲ್ಲೆಲ್ಲ ಕಂಡುಬಂದ ವಲಸೆಯೇ ಇದಕ್ಕೆ ಮೂಲ ಕಾರಣ. ಮಧ್ಯಮವರ್ಗದವರು ಊರ ನಡುವಣ ಮನೆಗಳನ್ನು ತೊರೆದು, ಕಾರುಗಳನ್ನು ಕೊಂಡು, ಹತ್ತಿಪ್ಪತ್ತು ಮೈಲಿಗಳಾಚೆಯ ಹೊರವಲಯಗಳಲ್ಲಿ ಒಂಟಿ ಮನೆಗಳನ್ನು ಮಾಡಿಕೊಂಡರು. ಒಂಟಿ ಮನೆಗೆ ದ್ವಾರಪಾಲಕ ಬೇಕಿಲ್ಲ. ಅದರ ಅಂಗಳವನ್ನು ಯಜಮಾನನೇ ಗುಡಿಸಿಕೊಳ್ಳುತ್ತಾನೆ. ಊರು ಬರಿದಾದಷ್ಟೂ ಸಂಘದ ಸದಸ್ಯರ ಅನ್ನಕ್ಕೆ ಸಂಚಕಾರ. ಆದ್ದರಿಂದ ಜನರನ್ನು ಊರ ನಡುವಿಗೆ ಮರಳಿ ಕರೆತರುವುದು ಸಂಘಕ್ಕೆ ಪರೋಪಕಾರದ ಕಾರ್ಯವಾಗಿರಲಿಲ್ಲ; ಸ್ವಂತ ಹೊಟ್ಟೆಯ ಪ್ರಶ್ನೆಯಾಗಿದ್ದಿತು. ಸದಸ್ಯರ ನಿಧಿಯ ಹಣವನ್ನು ಎಲ್ಲಿ ತೊಡಗಿಸಬೇಕೆಂಬ ಇನ್ನೊಂದು ಪ್ರಶ್ನೆಯೂ ಇದರೊಡನೆ ಬೆರೆತಿತು. ನಗರಾಧ್ಯಕ್ಷ ರಿಚರ್ಡ್ ಡೇಲಿಯ ಬೆಂಬಲವೂ ದೊರೆಯಿತು. ರೈಲುಮಾರ್ಗದವರಿಗೆ ಸೇರಿದ್ದ ನದೀತೀರದ ನೆಲವನ್ನು ಆರಿಸಿ, ೧೯೫೯ರಲ್ಲಿ ಯೋಜನೆಯನ್ನು ಪ್ರಕಟಿಸಲಾಯಿತು.

ಸಂಘದ ನಿಧಿಯೊಂದರಿಂದಲೇ ಇಷ್ಟು ದೊಡ್ಡ ಕೆಲಸ ಆಗತಕ್ಕದ್ದಲ್ಲ. ಸಾಲ ಬೇಕು; ಸಾಲ ಹಗುರವಾಗಿ ಸಿಗಬೇಕಾದರೆ ಕೇಂದ್ರ ಸರ್ಕಾರದ ವಸತಿ ಆಡಳಿತ ಅಡಮಾನಕ್ಕೆ ಹೊಣೆ ನಿಲ್ಲಬೇಕು. ಇಲ್ಲಿ ಒಂದು ಸ್ವಾರಸ್ಯವಾದ ವ್ಯಾಜ್ಯ ಎದ್ದಿತು. ಆ ಆಡಳಿತದ ಕಟ್ಟಳೆಗಳೆಲ್ಲವೂ ಗಂಡ, ಹೆಂಡತಿ, ಮಕ್ಕಳು ಇರುವ ಸಂಸಾರವನ್ನೇ ಮನಸ್ಸಿನಲ್ಲಿಟ್ಟುಕೊಂಡು ರಚಿತವಾಗಿದ್ದವು. ಮರೀನಾ ಸಿಟಿಯ ಮನೆಗಳಾದರೋ ಒಂಟಿಯಾಗಿ ಬಾಳುವವರಿಗೆ, ಮಕ್ಕಳಿಲ್ಲದ ದಂಪತಿಗಳಿಗೆ, ಮಕ್ಕಳು ಬೆಳೆದು ಬೇರೆಯಾದ ಮೇಲೆ ಉಳಿದ ಹಿರಿಯರಿಗೆ ಎಂದು ಯೋಚಿಸಿದ ಚಿಕ್ಕ ಮನೆಗಳು. ಒಂಟಿಗರೂ ಪ್ರಜೆಗಳೇ, ಅವರೂ ಎಲ್ಲಿಯಾದರೂ ಮಲಗಲೇಬೇಕು, ನಗರದ ಕಚೇರಿಗಳಲ್ಲಿ ದುಡಿಯುವವರಲ್ಲಿ ಅಂಥವರ ಸಂಖ್ಯೆ ಅಲ್ಪವಲ್ಲ ಎಂದು ಶಿಲ್ಪಿಯೂ ಸಂಘದವರೂ ಅಂಕೆಸಂಖ್ಯೆಗಳನ್ನು ಮುಂದಿಟ್ಟು ವಾದಿಸಿದರು, ಆಡಳಿತ ಒಪ್ಪಿತು. ಗೋಪುರಗಳ ಎತ್ತರವನ್ನು ಕುರಿತು ಪುಟಗಟ್ಟಲೆ ಬರೆದವರು ಈ ವ್ಯಾಜ್ಯವನ್ನು ಒಂದು ಸಾಲಿನಲ್ಲಿ ದಾಟಿಹೋಗುವುದುಂಟು. ವಾಸ್ತವವಾಗಿ ಕಟ್ಟಡದ ಒಳಮೈಯನ್ನು ನಿರ್ಣಯಿಸಿದ್ದು ಇದೇ. ಮನೆಗಳು ಚಿಕ್ಕವಾಗಿರಲು ಒಪ್ಪಿಗೆ ಸಿಕ್ಕಿರದಿದ್ದರೆ ದುಂಡು ಗೋಪುರ ಸಾಧ್ಯವೇ ಇರಲಿಲ್ಲ. ದೊಡ್ಡ ಸಂಸಾರದ ಮನೆಯನ್ನು ಬೀಸಣಿಗೆಯ ಒಂದು ಮಡಿಕೆಯೊಳಗೆ ತುರುಕುವುದು ಆಗದ ಮಾತು.

ಶಿಲ್ಪಿ ಬರ್ಟ್ರಂಡ್ ಗೋಲ್ಡ್‌ಬರ್ಗ್ (೧೯೧೩–೧೯೯೭) ಚಿಕಾಗೊದವನೇ. ೧೯೩೨ರ ಸುಮಾರಿಗೆ ಜರ್ಮನಿಗೆ ಹೋಗಿ ಬೌಹೌಸ್ ವಿದ್ಯಾಲಯದಲ್ಲಿ ಮೀಸ್ ವಾನ್ ಡೆರ್ ರೋಹೆಯ ಬಳಿ ಕಲಿತವನು. ಗುರುವು ಮುಂದೆ ಶಿಷ್ಯನ ಊರಿಗೇ ಬಂದು ನೆಲೆಸಿ, ೧೯೫೧ರಲ್ಲಿ ಮುಗಿದ ಲೇಕ್ ಷೋರ್ ಡ್ರೈವ್ ರಸ್ತೆಯ ಜೋಡಿ ಮನೆಗೋಪುರಗಳಿಂದ ಉಕ್ಕುಗಾಜುಗಳ ಚೌಕ ಕಟ್ಟಡಕ್ಕೆ ಒಂದು ಮಾದರಿಯನ್ನು ಹಾಕಿಕೊಟ್ಟನು. ಆ ಕೃತಿಯ ಘನತೆಯನ್ನು ಅಲ್ಲಗಳೆಯಲಾಗದು. ಆದರೂ ಅದರ ಹೊರಮೈಯ ಮೇಲೆ ಬೆಸೆದಿರುವ ಉಕ್ಕಿನ ತೊಲೆಗಳು ಭಾರವನ್ನು ಹೊರತಕ್ಕವಲ್ಲವೆಂಬುದನ್ನು ಗಮನಿಸಬೇಕು. ನಿಜವಾದ ಕಂಬಗಳು ಬೆಂಕಿಯ ಕಟ್ಟಳೆಗನುಸಾರವಾಗಿ ಕಾಂಕ್ರೀಟಿನೊಳಗೆ ಅಡಗಿವೆ. ಹೊರಗೆ ಕಾಣುವುದು ಅವುಗಳ ವೇಷ. ಸತ್ಯನಿಷ್ಠೆಗೆ ಹೆಸರಾದ ಗುರುವಿನ ಕಟ್ಟಡ ಹೀಗೆ ಅಲಂಕಾರವನ್ನು ಧರಿಸಿದ್ದರೆ, ಅಲಂಕಾರಪ್ರಿಯನೆಂದು ಹೆಸರಾದ ಶಿಷ್ಯನ ಕಟ್ಟಡದಲ್ಲಿ ಕಾಣುವುದೆಲ್ಲವೂ ಭಾರ ಹೊರತಕ್ಕದ್ದು ಅಥವಾ ಜನರು ನಿಲ್ಲತಕ್ಕದ್ದು. ಮೊಗಸಾಲೆಯ ಅರ್ಧಚಂದ್ರವೂ ಅಂತಸ್ತಿನ ನೆಲವೇ ಹೊರಗೆ ಚಾಚಿದ್ದು, ಅಂಟಿಸಿದ ಆಭರಣವಲ್ಲ.

ಕಟ್ಟೋಣದ ಕ್ರಮ ಹೀಗಿದೆ. ನಡುವೆ ಸುಮಾರು ೩೫ ಅಡಿ ಅಗಲದ ಪೊಳ್ಳಾದ ಕಾಂಕ್ರೀಟಿನ ಕೊಳವೆ. ಲಿಫ್ಟುಗಳು, ಮೆಟ್ಟಿಲುಗಳು, ನೀರಿನ ಕೊಳಾಯಿಗಳು, ವಿದ್ಯುತ್ತಿನ ತಂತಿಗಳು ಎಲ್ಲವೂ ಅದರೊಳಗೆ. ಗಾಳಿಯ ಒತ್ತಡದ ಬಹುಪಾಲನ್ನು ತಡೆಯುವುದು ಈ ಕೊಳವೆಯೇ. ಕೊಳವೆಯ ಸುತ್ತ ಪ್ರತಿಯೊಂದು ಅಂತಸ್ತೂ ಹದಿನಾರು ದಳಗಳಾಗಿ ಅರಳಿಕೊಂಡಿದೆ. ಕೊಳವೆಯನ್ನು ಮುಂಚಿತವಾಗಿ ಮೇಲಕ್ಕೆ ಏರಿಸುತ್ತ, ಭಾರವನ್ನೆತ್ತುವ ಯಂತ್ರವನ್ನು ಅದರೊಡನೆಯೇ ಏರಿಸುತ್ತ, ಅಂತಸ್ತುಗಳನ್ನು ಹಿಂದೆಹಿಂದೆಯೇ ಎರಕ ಹೊಯ್ಯುತ್ತ ಬಂದರು. ಕಟ್ಟಡದ ಮೈಯನ್ನೇ ಏಣಿಮಾಡಿಕೊಂಡು ಏರತಕ್ಕ ಇಂಥ ಯಂತ್ರಗಳು ಯೂರೋಪಿನಲ್ಲಿ ಬಳಕೆಯಲ್ಲಿದ್ದವು. ಅಮೆರಿಕದಲ್ಲಿ ಅವನ್ನು ಉಪಯೋಗಿಸಿದ ಮೊದಲ ದೊಡ್ಡ ಕೆಲಸಗಳಲ್ಲಿ ಇದೊಂದು. ಎತ್ತರದಲ್ಲಿ ಕಾಂಕ್ರೀಟಿನ ಖರ್ಚು ಎಂಬುದು ಸಿಮೆಂಟು, ಮರಳು, ಜಲ್ಲಿಗಳ ಖರ್ಚಲ್ಲ; ಅಚ್ಚುಗಳ ಖರ್ಚು, ಅಚ್ಚು ಕಟ್ಟಿ ಬಿಚ್ಚುವ ಕೂಲಿಯ ಖರ್ಚು, ಸರಕನ್ನು ಮೇಲಕ್ಕೆ ಒಯ್ಯುವ ಹೊತ್ತಿನ ಖರ್ಚು. ಹತ್ತು ಬಗೆಯ ಮೂಲೆಗಳುಳ್ಳ ಕಟ್ಟಡಕ್ಕೆ ಹತ್ತು ಬಗೆಯ ಅಚ್ಚುಗಳು ಬೇಕು. ಇಲ್ಲಿ ಒಂದು ದಳಕ್ಕೆ ಮಾಡಿದ ಅಚ್ಚು ಉಳಿದ ಹದಿನೈದಕ್ಕೂ ಒಪ್ಪುತ್ತದೆ. ಒಂದು ಅಂತಸ್ತಿಗೆ ಒಪ್ಪಿದ್ದು ನಲವತ್ತು ಅಂತಸ್ತುಗಳಿಗೂ ಒಪ್ಪುತ್ತದೆ. ಒಂದು ಗೋಪುರಕ್ಕೆ ಒಪ್ಪಿದ್ದು ಅದರ ಅವಳಿಗೂ ಒಪ್ಪುತ್ತದೆ. ಲೆಕ್ಕ ಹಾಕಿದರೆ ವಸತಿಯ ದಳಗಳು ಎರಡೂ ಗೋಪುರಗಳಲ್ಲಿ ಸೇರಿ ೧,೨೮೦. ಕುಂಬಾರನ ಹೆಂಚಿನ ಅಚ್ಚಿನಂತೆ ಇಲ್ಲಿ ಒಂದೇ ಆಕೃತಿಯು ಸಾವಿರ ಸಲಕ್ಕೂ ಮೀರಿ ಮರುಕಳಿಸಿದೆ. ನೋಡುವವರ ಕಣ್ಣಿಗೆ ಹೂವಾಗಿ ತೋರತಕ್ಕದ್ದು ಗುತ್ತಿಗೆದಾರನ ಕಣ್ಣಿಗೆ ಮಿತವ್ಯಯವಾಗಿ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಮೇಲಾಗಿ ದುಂಡು ಮೈ ಗಾಳಿಯನ್ನು ಚಪ್ಪಟೆ ಮೈಯಷ್ಟು ಎದುರಿಸಿ ನಿಲ್ಲಬೇಕಾಗಿಲ್ಲವಾದುದರಿಂದ ಅಷ್ಟರಮಟ್ಟಿಗೆ ಉಕ್ಕೂ ಕಾಂಕ್ರೀಟೂ ಉಳಿದವು.

ಕೆಳಗಿನ ಹತ್ತೊಂಬತ್ತು ಅಂತಸ್ತುಗಳು ಜನರಿಗಲ್ಲ, ಕಾರುಗಳಿಗೆ. ಕೊಳವೆಯನ್ನು ಸುತ್ತಿ ಸುತ್ತಿ ಏರತಕ್ಕ ಇಳಿಜಾರು ದಾರಿಯ ಅಂಚಿನಲ್ಲಿ ಗೋಡೆಯ ಮರೆಯಿಲ್ಲದೆ ಕಾರುಗಳು ನಿಂತಿರುತ್ತವೆ. ಇಪ್ಪತ್ತನೆಯ ಅಂತಸ್ತಿನಲ್ಲಿ ಬಟ್ಟೆ ಒಗೆಯುವ ಯಂತ್ರಗಳು. ಅಲ್ಲಿಂದ ಮೇಲೆ ಅರವತ್ತರವರೆಗೆ ಮನೆಗಳು. ಬೀದಿಯ ಗದ್ದಲಕ್ಕೂ ನೆರೆಯ ಕಟ್ಟಡಗಳ ನೆರಳಿಗೂ ಸಿಕ್ಕುವ ಕೆಳಭಾಗದಲ್ಲಿ ಬಾಡಿಗೆ ಹುಟ್ಟುವುದಿಲ್ಲವೆಂದು ಅದನ್ನು ಕಾರುಗಳಿಗೆ ಬಿಟ್ಟುಕೊಟ್ಟದ್ದು ಚತುರತೆಯೇ ಸರಿ. ಹೊರವಲಯಕ್ಕೆ ಓಡುವ ಕಾರನ್ನು ಸೋಲಿಸಲು ಹೊರಟ ಕಟ್ಟಡ ತನ್ನ ಮೈಯ ಮೂರರಲ್ಲೊಂದು ಪಾಲನ್ನು ಕಾರಿಗೇ ಕಪ್ಪವಾಗಿ ಒಪ್ಪಿಸಬೇಕಾಯಿತೆಂಬುದೂ ಅಷ್ಟೇ ನಿಜ. (೧೯೮೦ರಲ್ಲಿ ಬಂದ ‘ದಿ ಹಂಟರ್’ ಎಂಬ ಚಲನಚಿತ್ರದಲ್ಲಿ ಕಾರೊಂದು ಈ ಅಂತಸ್ತುಗಳಿಂದ ಹಾರಿ ನದಿಗೆ ಬೀಳುತ್ತದೆ. ಕಟ್ಟಡದ ಬಗ್ಗೆ ಬೇರೇನನ್ನೂ ಅರಿಯದವರೂ ಆ ಬೀಳುವಿಕೆಯನ್ನು ಅರಿತಿರುವುದುಂಟು.)

ಒಟ್ಟು ವೆಚ್ಚ ೩ ಕೋಟಿ ೬೦ ಲಕ್ಷ ಡಾಲರುಗಳೆಂದು ಪ್ರಸಿದ್ಧವಾಗಿದೆ. ಮನೆಗಳು ಒಟ್ಟು ೮೯೬. ಇವೆರಡನ್ನು ಭಾಗಿಸಿ ಮನೆಯೊಂದಕ್ಕೆ ೪೦,೦೦೦ ಡಾಲರು ಬಿದ್ದಿತೆಂದು ಹೇಳಿದರೆ ಅದು ಪೂರ್ತಿಯಾಗಿ ತಪ್ಪು ದಾರಿ ಹಿಡಿಸತಕ್ಕ ಲೆಕ್ಕವಾಗುತ್ತದೆ. ಆ ಮೊತ್ತದಲ್ಲಿ ಗೋಪುರಗಳಷ್ಟೇ ಅಲ್ಲದೆ ಹತ್ತು ಅಂತಸ್ತಿನ ಕಚೇರಿ ಕಟ್ಟಡ, ಜೀನಿನಾಕಾರದ ಛಾವಣಿಯುಳ್ಳ ರಂಗಮಂದಿರ, ಅಂಗಡಿಗಳು, ಊಟದ ಮನೆಗಳು, ಮಂಜಿನ ಮೇಲೆ ಜಾರುವ ಅಂಗಳ, ಚೆಂಡುರುಳಿಸುವ ಆಟದ ಶಾಲೆ, ನೀರಿನ ಮಟ್ಟದಲ್ಲಿ ದೋಣಿಗಳನ್ನು ಕಟ್ಟುವ ಕಟ್ಟೆ ಎಲ್ಲವೂ ಸೇರಿವೆ. ಊರೊಳಗೊಂದು ಊರು ಎಂಬುದು ಗೋಲ್ಡ್‌ಬರ್ಗನ ಧ್ಯೇಯ. ಮರೀನಾ ಸಿಟಿ ಎಂಬ ಹೆಸರೂ ಅದನ್ನೇ ಸೂಚಿಸುತ್ತದೆ. ಆಟಕ್ಕೆ, ಊಟಕ್ಕೆ, ವ್ಯಾಪಾರಕ್ಕೆ ಬಂದ ಹಣ ಮನೆಯ ಬಾಡಿಗೆಯ ಭಾರವನ್ನು ಸ್ವಲ್ಪ ಇಳಿಸಬೇಕು. ಹಗಲು ಕಚೇರಿಯವರಿಗೂ ಇರುಳು ಮನೆಯವರಿಗೂ ಒಂದೇ ನೆಲ, ಒಂದೇ ಸೌಕರ್ಯ ಉಪಯೋಗಕ್ಕೆ ಬರಬೇಕು. ಹಾಗಾದರೆ ಮಾತ್ರ ಊರ ನಡುವಣ ದುಬಾರಿ ನೆಲದ ಮೇಲೆ ಸಾಧಾರಣ ಸಂಬಳಗಾರನನ್ನು ಇರಿಸುವುದು ಸಾಧ್ಯ. ಈ ವಾದ ಸಮರ್ಪಕವಾದುದು. ಆದುದರಿಂದ ವೆಚ್ಚವನ್ನು ಮನೆಗಳ ಮೇಲೆ ಹಂಚುವುದಕ್ಕಿಂತ ಇಡೀ ಯೋಜನೆಯನ್ನು ಒಂದು ಸಂಸಾರವೆಂದು ಭಾವಿಸಿ, ಯಾರು ಯಾರ ಖರ್ಚನ್ನು ಹೊರುತ್ತಾರೆ ಎಂದು ಕೇಳುವುದು ಯುಕ್ತ.

ಹಾಗೆ ಕೇಳಿದಾಗಲೇ ಒಂದು ಕೊರತೆ ಕಣ್ಣಿಗೆ ಬೀಳುತ್ತದೆ. ಗೋಪುರಗಳಲ್ಲಿ ಎಲ್ಲವೂ ವಿದ್ಯುತ್ತು. ಇಡೀ ಕಟ್ಟಡಕ್ಕೆ ಶಾಖ ಒದಗಿಸುವ ಒಂದು ದೊಡ್ಡ ಒಲೆಯಾಗಲಿ, ಅದರ ಹೊಗೆಗೊಳವೆಯಾಗಲಿ, ಬಿಸಿಗಾಳಿಯನ್ನು ಒಯ್ಯುವ ನಾಳಗಳಾಗಲಿ ಇಲ್ಲ. ಒಂದೊಂದು ಮನೆಗೂ ಅದರದೇ ಆದ ಶಾಖ, ಅದರದೇ ಆದ ತಂಪು. ಕಟ್ಟುವಾಗ ಇದರಿಂದ ಹಣವೂ ಜಾಗವೂ ಉಳಿದವು. ಆದರೆ ಚಿಕಾಗೊದ ಚಳಿಗಾಲ ನೀರನ್ನು ಕಲ್ಲಾಗಿಸತಕ್ಕದ್ದು. ಒಳಗಿನ ನೆಲವೇ ತಡೆಯಿಲ್ಲದೆ ಹೊರಗಿನ ಮೊಗಸಾಲೆಯಾಗಿ ಚಾಚಿರುವಲ್ಲಿ ಒಳಗಿನ ಶಾಖ ಆ ದಾರಿಯಲ್ಲೇ ಸೋರಿಹೋಗುತ್ತದೆ. ಸೋರಿದ್ದನ್ನು ತುಂಬಿಕೊಳ್ಳುವ ವಿದ್ಯುತ್ತಿನ ಹಣ ಒಕ್ಕಲಿನ ಜೇಬಿನಿಂದ ಹೋಗಬೇಕು. ಕಟ್ಟಿಸಿದವರು ಒಂದು ಸಲ ಉಳಿಸಿದ್ದನ್ನು ಇರತಕ್ಕವರು ವರ್ಷವರ್ಷವೂ ತೆರುವ ಈ ಏರ್ಪಾಡು ವಿದ್ಯುತ್ತು ಅಗ್ಗವಾಗಿದ್ದ ಕಾಲದಲ್ಲಿ ಯಾರ ಗಮನಕ್ಕೂ ಬರಲಿಲ್ಲ. ೧೯೭೩ರಲ್ಲಿ ಎಣ್ಣೆಯ ಬೆಲೆ ಏರಿ ಇಂಧನಗಳೆಲ್ಲ ತುಟ್ಟಿಯಾದ ಮೇಲೆ ಅದರ ಅರ್ಥ ಬೇರೆಯಾಯಿತು. ಕಟ್ಟಡದ ವೆಚ್ಚವೆಂದರೆ ಗುತ್ತಿಗೆದಾರನಿಗೆ ಕೊಟ್ಟ ಮೊತ್ತವೆಂದೇ ತಿಳಿಯುವ ಅಭ್ಯಾಸ ಈ ಒಂದು ಕಟ್ಟಡದ ದೋಷವಲ್ಲ, ಆ ಇಡೀ ತಲೆಮಾರಿನ ದೋಷ. ಆದರೂ ಮಿತವ್ಯಯವನ್ನೇ ಸೌಂದರ್ಯವಾಗಿಸಿದ ಕೃತಿಯಲ್ಲಿ ಅದು ಹೆಚ್ಚಾಗಿ ಚುಚ್ಚುತ್ತದೆ.

ಮನೆಗಳ ಒಳಗಿನ ವಿನ್ಯಾಸವನ್ನು ಕುರಿತು ಎರಡು ಮಾತು. ಒಂದು ದಳ ಒಂದು ಕೋಣೆಯ ಮನೆ. ಒಂದೂವರೆ ದಳ ಮಲಗುವ ಕೋಣೆಯೊಂದುಳ್ಳ ಮನೆ. ಎರಡೂವರೆ ದಳ ಅಂಥ ಎರಡು ಕೋಣೆಗಳುಳ್ಳ ಮನೆ. ಬಚ್ಚಲು, ಅಡುಗೆಗಳು ಕೊಳವೆಯ ಬಳಿಯ ಇಕ್ಕಟ್ಟಿನಲ್ಲಿ. ಹೊರಕ್ಕೆ ಹೋದಂತೆಲ್ಲ ಕೋಣೆ ಅಗಲವಾಗುತ್ತ, ಕೊನೆಗೆ ಗಾಜಿನ ಬಾಗಿಲು, ಅದರಾಚೆ ಮೊಗಸಾಲೆ, ಅದರಾಚೆ ಆಕಾಶ. ಬಾಗಿಲು ತೆರೆದು ಒಳಹೊಕ್ಕವನ ಕಣ್ಣು ತಾನಾಗಿಯೇ ಬೆಳಕಿನ ಕಡೆಗೆ ಹೊರಳುತ್ತದೆ. ಚಿಕ್ಕ ಮನೆ ಚಿಕ್ಕದೆನಿಸುವುದಿಲ್ಲ. ಚೌಕ ಮನೆಯಲ್ಲಿ ಇದೇ ಅಳತೆಯ ನೆಲ ಈ ಭಾವನೆಯನ್ನು ಕೊಡಲಾರದು. ಆದರೆ ಎದುರುಬದುರು ಗೋಡೆಗಳು ಎಲ್ಲಿಯೂ ಸಮಾಂತರವಾಗಿಲ್ಲದಿರುವುದರಿಂದ ಮಂಚ, ಬೀರುಗಳನ್ನು ಎಲ್ಲಿ ಹೇಗೆ ಇಟ್ಟರೂ ಹಿಂದೆ ಒಂದು ಸಂದು ಉಳಿಯುತ್ತದೆ. ಒಂದು ಮನೆಗೆ ಒಂದೇ ದಿಕ್ಕಿನ ಬೆಳಕುಗಾಳಿ. ಮನೆಗಳ ಬಾಗಿಲುಗಳು ತೆರೆಯುವ ನಡುವಣ ಓಣಿ ಕೊಳವೆಯನ್ನು ಸುತ್ತಿದ ಒಂದು ಬಳೆ. ಅದಕ್ಕೆ ಹಗಲೆಂಬುದೇ ಇಲ್ಲ. ಊರೊಳಗೊಂದು ಊರನ್ನು ಕಟ್ಟುವೆನೆಂದವನು ನೆರೆಹೊರೆಯವರು ಎದುರಾಗುವ ಈ ಜಾಗವನ್ನು ಇಷ್ಟು ಜಿಪುಣತನದಿಂದ ಅಳೆದದ್ದೇಕೆ? ಮೊಗಸಾಲೆಗಳಾದರೂ ಒಂದನ್ನೊಂದು ನೋಡುವುದಿಲ್ಲ; ಎಲ್ಲವೂ ಹೊರಗೆ, ದೂರಕ್ಕೆ ಮುಖಮಾಡಿವೆ. ಒಂಟಿಗರಿಗೆಂದು ಕಟ್ಟಿದ ಮನೆಗಳು ಒಂಟಿತನವನ್ನು ಸುಖಕರವಾಗಿಸಿದವೇ ಹೊರತು ಅದನ್ನು ಕಳೆಯುವ ದಾರಿಯನ್ನು ಕೋಣೆಗಳ ನಡುವೆ ಒದಗಿಸಲಿಲ್ಲ. ಆ ಕೆಲಸವನ್ನು ಕೆಳಗಿನ ಅಂಗಳಕ್ಕೂ ಆಟದ ಶಾಲೆಗೂ ಒಪ್ಪಿಸಲಾಗಿತ್ತು.

ಕೆಳಗಿನ ಅಂಗಳಕ್ಕೆ ಒದಗಿದ ಗತಿಯಿಂದಲೇ ಈ ವಿಮರ್ಶೆಗೆ ತೂಕ ಬರುತ್ತದೆ. ೧೯೭೭ರಲ್ಲಿ ಬಾಡಿಗೆಯ ಮನೆಗಳನ್ನು ಒಂದೊಂದಾಗಿ ಮಾರುವ ಏರ್ಪಾಡಾಯಿತು. ಅಂದಿನಿಂದ ಗೋಪುರದ ಮನೆಗಳಿಗೆ ಒಡೆಯರು ಬೇರೆ, ಕೆಳಗಿನ ವ್ಯಾಪಾರದ ಭಾಗಗಳಿಗೆ ಒಡೆಯರು ಬೇರೆ. ಒಂದು ಇನ್ನೊಂದನ್ನು ಸಾಕಬೇಕೆಂಬ ಮೂಲ ಲೆಕ್ಕ ಅಲ್ಲಿಗೆ ಮುರಿಯಿತು. ಎಂಬತ್ತರ ದಶಕದಲ್ಲಿ ವ್ಯಾಪಾರದ ಭಾಗ ಕಳೆಗುಂದಿತು. ಆಮೇಲೆ ಕಚೇರಿ ಕಟ್ಟಡ ಹೋಟೆಲಾಯಿತು. ೧೯೯೬ರಲ್ಲಿ ರಂಗಮಂದಿರ ಸಂಗೀತದ ಮನೆಯಾಯಿತು. ಮಂಜಿನ ಅಂಗಳವಿದ್ದೆಡೆ ಊಟದ ಮನೆ ಬಂದಿತು. ಇವುಗಳಿಂದ ಸ್ಥಳಕ್ಕೆ ಮರಳಿ ಕಳೆ ಬಂದಿರುವುದು ನಿಜ. ಆದರೆ ಅವು ಹೊರಗಿನಿಂದ ಬರುವ ಗಿರಾಕಿಗಳಿಗಾಗಿ ಇರತಕ್ಕವು. ಮೇಲಿನ ಮನೆಯವನ ಬಾಡಿಗೆಯನ್ನು ಇಳಿಸುವುದು ಅವುಗಳ ಕೆಲಸವಲ್ಲ. ಊರೊಳಗಿನ ಊರು ಊರಿನಲ್ಲಿ ಕರಗಿಹೋಯಿತೆನ್ನಬಹುದು.

ಸಂಘದ ಆಳುಗಳ ಪಾಲಿಗೆ ಬಂದದ್ದೇನು? ಮನೆಗಳು ಊರ ನಡುವಣ ಕಚೇರಿಗಳಲ್ಲಿ ದುಡಿಯುವ ಮಧ್ಯಮ ವರ್ಗದವರಿಗೆಂದು ಯೋಚಿಸಿದವು. ಕಟ್ಟಡವನ್ನು ಗುಡಿಸತಕ್ಕವನಿಗೆ ಅಲ್ಲಿ ಕೆಲಸವನ್ನು ಕಲ್ಪಿಸಿದ್ದರೇ ಹೊರತು ಬಿಡಾರವನ್ನಲ್ಲ. ಇದನ್ನು ಮೋಸವೆಂದು ಕರೆಯುವುದು ಅನ್ಯಾಯವಾದೀತು. ಸಂಘ ಬಯಸಿದ್ದೇ ಅದು. ಜನರು ಊರ ನಡುವೆ ಎತ್ತರದ ಮನೆಗಳಲ್ಲಿ ಇರಲು ಒಪ್ಪುತ್ತಾರೆಂಬುದನ್ನು ಮರೀನಾ ಸಿಟಿ ತೋರಿಸಿಕೊಟ್ಟ ಮೇಲೆ ನದಿಯ ಎರಡು ದಡಗಳಲ್ಲಿಯೂ ಅಂಥ ಕಟ್ಟಡಗಳು ಎದ್ದವು, ಅವುಗಳಿಗೆ ಆಳುಗಳೂ ಬೇಕಾದರು. ಕೂಲಿಯ ಉಳಿತಾಯದಿಂದ ಕಟ್ಟಿದ ಗೋಪುರವೊಂದು ಲೋಕದ ವಸತಿಗೃಹಗಳಲ್ಲೆಲ್ಲ ಎತ್ತರವಾಗಿ ನಿಂತಿತೆಂಬುದು ಆಮೇಲಿನ ಕಾಲದಲ್ಲಿ ನಂಬಲಸದಳವಾದ ಸಂಗತಿ.

ನಂಬಲಸದಳವೆನ್ನಲು ಒಂದು ಹೋಲಿಕೆ ಸಾಕು. ೨೦೧೫ರಲ್ಲಿ ನ್ಯೂಯಾರ್ಕಿನಲ್ಲಿ ಮುಗಿದ ೪೩೨ ಪಾರ್ಕ್ ಅವೆನ್ಯೂ ಎಂಬ ವಸತಿಗೋಪುರ ರಫೇಲ್ ವಿನ್ಯೋಲಿಯ ಕೃತಿ. ಎತ್ತರ ೧,೩೯೬ ಅಡಿ, ಅಗಲ ಸುಮಾರು ೯೩ ಅಡಿ, ಎಂದರೆ ಅಗಲದ ಹದಿನೈದರಷ್ಟು ಎತ್ತರ. ಅದೂ ಕಾಂಕ್ರೀಟಿನದೇ, ಅದರಲ್ಲಿಯೂ ಒಂದೇ ಆಕಾರದ ಕಿಟಕಿ ಅಡಿಯಿಂದ ಮುಡಿಯವರೆಗೆ ಮರುಕಳಿಸುತ್ತದೆ. ಅಷ್ಟು ಸಪೂರವಾದ ಚೌಕ ಕಟ್ಟಡ ಗಾಳಿಗೆ ತೂಗಾಡದಂತೆ ನಡುನಡುವೆ ಅಂತಸ್ತುಗಳನ್ನು ಬರಿದಾಗಿ ಬಿಟ್ಟು ಗಾಳಿಗೆ ದಾರಿ ಮಾಡಿಕೊಡಬೇಕಾಯಿತು. ತುದಿಯಲ್ಲಿ ಓಲಾಟವನ್ನು ತಡೆಯುವ ಭಾರಿ ತೂಕಗಳನ್ನು ಇಡಬೇಕಾಯಿತು. ಇಷ್ಟೆಲ್ಲ ಸಾಹಸ ನೂರರ ಆಚೀಚೆಯ ಮನೆಗಳಿಗಾಗಿ. ಗೋಲ್ಡ್‌ಬರ್ಗನ ಜೋಡಿ ಗೋಪುರಗಳಲ್ಲಿ ಒಂದನ್ನು ಇನ್ನೊಂದರ ತಲೆಯ ಮೇಲೆ ಇಟ್ಟರೂ ಆ ಎತ್ತರ ಬರುವುದಿಲ್ಲ. ಮನೆಗಳಾದರೋ ಅದರ ಎಂಟರಷ್ಟಕ್ಕೆ ಹತ್ತಿರ. ಅಲ್ಲಿ ಅಚ್ಚಿನ ಪುನರಾವೃತ್ತಿ ಬೆಲೆಯನ್ನು ಇಳಿಸುವುದಕ್ಕಲ್ಲ, ಎತ್ತರವನ್ನು ಏರಿಸುವುದಕ್ಕೆ ಉಪಕರಣವಾಗಿದೆ. ಒಂದೇ ಕೌಶಲ ಎರಡು ಬಗೆಯ ಯಜಮಾನರ ಕೈಯಲ್ಲಿ ಎಷ್ಟು ಬೇರೆಯಾಗಿ ದುಡಿಯುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರಕುವುದು ಕಷ್ಟ.

ಗೋಲ್ಡ್‌ಬರ್ಗನು ಮುಂದೆ ದಳಗಳ ವಿನ್ಯಾಸವನ್ನು ಆಸ್ಪತ್ರೆಗಳಿಗೂ ಅಳವಡಿಸಿದನು. ಅವುಗಳಲ್ಲಿ ಹೆಸರಾದದ್ದು ಅದೇ ಊರಿನಲ್ಲಿ ೧೯೭೫ರಲ್ಲಿ ಮುಗಿದ ಪ್ರೆಂಟಿಸ್ ಸ್ತ್ರೀಯರ ಆಸ್ಪತ್ರೆ. ಶುಶ್ರೂಷಕರ ಸ್ಥಾನವನ್ನು ನಡುವೆ ಇಟ್ಟು ರೋಗಿಗಳ ಕೋಣೆಗಳನ್ನು ಸುತ್ತ ಅರಳಿಸಿದ ಆ ಕಟ್ಟಡದಲ್ಲಿ, ಮರೀನಾ ಸಿಟಿಯಲ್ಲಿ ಇಕ್ಕಟ್ಟಾಗಿದ್ದ ನಡುವಣ ಜಾಗಕ್ಕೆ ಒಂದು ಉದ್ದೇಶ ದೊರಕಿತ್ತು. ವಾಸ್ತುವಿದರ ವಿರೋಧವನ್ನು ಲೆಕ್ಕಿಸದೆ ೨೦೧೩ರಲ್ಲಿ ಅದನ್ನು ಕೆಡವಲು ಮೊದಲುಮಾಡಿ ಮರುವರ್ಷ ನೆಲಸಮ ಮಾಡಲಾಯಿತು. ಮರೀನಾ ಸಿಟಿಯನ್ನು ಚಿಕಾಗೊ ನಗರಸಭೆ ೨೦೧೬ರಲ್ಲಿ ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿಸಿತು.